ಒಂದೇ ಗೆರೆ

ಪೊನ್ನಂಪೇಟೆಯ ಸ್ಪೋರ್ಟ್ಸ್ ಕ್ಲಬ್ಬಿನ ಮೂಲೆಯಲ್ಲಿ
ಮರದ ಬಾಗಿಲು ಎಳೆದುಕೊಂಡು ನಿಂತಿತ್ತು ನಾಲ್ಕು ಕಾಲಿನ ಟಿ.ವಿ.,
ತಲೆಯ ಮೇಲೆ ಮೂರು ಟ್ರೋಫಿ, ಒಂದು ಒಡಕು ಕೇರಂ ಬೋರ್ಡು ಹೊತ್ತು.
"ಬೆಳಕು ಬಂದರೆ ಸಾಕು, ಅಣ್ಣ," ಅಂದ ಸೆಕ್ರೆಟರಿ ಉತ್ತಯ್ಯ,
ಮೀಸೆ ಈಗಷ್ಟೇ ದಪ್ಪಗಾದ ಹುಡುಗ.
"ವಾರ್ಷಿಕೋತ್ಸವಕ್ಕೆ ಬಂದವರು ಫೋಟೋ ಹೊಡಕೊಳ್ತಾರೆ.
ಚಿತ್ರ ಎಲ್ಲಿಂದ ಬರಬೇಕು?
ಮಡಿಕೇರಿ ಟವರಿಗೇ ಇದರ ಭಾಷೆ ಮರೆತುಹೋಗಿದೆ."

ಹಿಂದಿನ ಹಲಗೆಯ ಎಂಟು ಸ್ಕ್ರೂ.
ಏಳು ಬಿಚ್ಚಿದವು. ಎಂಟನೆಯದು ಮೊದಲೇ ಇರಲಿಲ್ಲ.
ಒಳಗೆ ಇಲಿ ಕೂಡಿಟ್ಟ ಒಳ್ಳೆಮೆಣಸು ಒಂದು ಹಿಡಿ,
ಹಲ್ಲಿಯ ಮೊಟ್ಟೆ ಎರಡು,
ಬೆರಳು ಮುಳುಗುವಷ್ಟು ಧೂಳು.
ಮೊದಲು ಟ್ಯೂಬಿನ ನೆತ್ತಿಯ ಕೆಂಪು ಟೋಪಿಯಡಿಗೆ
ತಂತಿ ಕಟ್ಟಿದ ಸ್ಕ್ರೂಡ್ರೈವರು ತೂರಿಸಿದೆ.
"ಎಷ್ಟು ವರ್ಷ ಉಪವಾಸ ಇದ್ದರೂ ಕಚ್ತದೆ, ಮೋನೇ,"
ಅನ್ನುತ್ತಿದ್ದರು ಪೋಕರ್ ಕಾಕ.
ಕಚ್ಚಲಿಲ್ಲ. ಆದರೂ ಕೈ ಹಿಂದೆ ಕಟ್ಟಿಕೊಂಡೆ
ಆಗಿನ ಹಾಗೆ.

ನಡುವೆ ನೂರು ವ್ಯಾಟಿನ ಬಲ್ಬು ಕೂಡಿಸಿ
ಗುಟುಕು ಗುಟುಕಾಗಿ ಕರೆಂಟು ಕುಡಿಸಿದೆ.
ವಾಲ್ವುಗಳು ಕೆಂಪಾದವು, ಒಂದೊಂದಾಗಿ,
ಬೆಳಗಿನ ಜಾವ ಬೀಡಿ ಹಚ್ಚಿದ ಕೂಲಿಗಳ ಹಾಗೆ.
ಸುಟ್ಟ ಧೂಳಿನ ವಾಸನೆ. ಆಮೇಲೆ
ತೆರೆಯ ನಟ್ಟನಡುವೆ
ಅಡ್ಡಕ್ಕೆ ಒಂದೇ ಒಂದು ಬಿಳಿಗೆರೆ.

ಈ ಗೆರೆ ನನಗೆ ಗೊತ್ತು.

ನನಗಾಗ ಹದಿನೈದು. ಹಾಕಿ ಫೈನಲ್ಲು.
ಮಧ್ಯಾಹ್ನವೇ ಕೆಟ್ಟು ಕೂತಿತ್ತು ಈ ಸೆಟ್ಟು.
ಕಾಕ ತಪ್ಪು ಹುಡುಕಿ, ಬೆಸುಗೆ ಹಾಕಲು ನನಗೆ ಕೊಟ್ಟು
ಅಸರ್ ನಮಾಜಿಗೆ ಹೋದರು.
ಹೊರಗೆ ಜನ ಬೆಂಚು ಜೋಡಿಸುತ್ತಿದ್ದರು,
ಕುಂದದಿಂದ ಒಂದು ಜೀಪು ತುಂಬ ಬಂದಿದ್ದರು.
ಕಬ್ಬಿಣ ಇನ್ನೂ ಸರಿಯಾಗಿ ಕಾದಿರಲಿಲ್ಲ.
ನನಗೆ ಮುಂದಿನ ಸಾಲಿನ ಜಾಗ ಬೇಕಿತ್ತು.

ಪೆನಾಲ್ಟಿ ಸ್ಟ್ರೋಕಿಗೆ ನಮ್ಮವನು ಬಾಗಿದ.
ಇಡೀ ಮೈದಾನ, ಗೋಲಿ, ಕಂಬ, ಹುಲ್ಲು
ಎಲ್ಲ ಒಂದು ಗೆರೆಯೊಳಗೆ ಬಿದ್ದುಹೋಯಿತು.
ಕೂಗು ಮಾತ್ರ ಕೇಳಿತು.
ಅರವತ್ತು ಮಂದಿ ಆ ಗೋಲನ್ನು ಕಿವಿಯಲ್ಲಿ ನೋಡಿದರು.

ಟಾರ್ಚು ಹಿಡಿದು ಹಿಂದೆ ತಲೆ ಹಾಕಿದ ಕಾಕ
ತುಸು ಹೊತ್ತು ಅಲ್ಲೇ ಇದ್ದರು.
ಹೊರಬಂದು, "ನನ್ನ ಕೈ ನಡುಗಿತು," ಅಂದರು.
ಆಗಲೂ ಅವರ ಕೈ ನಡುಗುತ್ತಿರಲಿಲ್ಲ.
ಯಾರೋ ಅವರ ಪೆಟ್ಟಿಗೆಯನ್ನು ಅಂಗಳಕ್ಕೆಸೆದರು.
ರೆಸಿಸ್ಟರುಗಳನ್ನು ಕತ್ತಲಲ್ಲಿ ಹೆಕ್ಕಿದೆವು ಇಬ್ಬರೂ,
ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗೆ.
ಮತ್ತೆ ಅವರು ಈ ಮೆಟ್ಟಿಲು ಹತ್ತಲಿಲ್ಲ.

ವಾಲ್ವು ಬದಲಿಸಿದೆ. ಗೆರೆ.
ಒಣಗಿದ ಕೆಪಾಸಿಟರು ಕಿತ್ತು ಹೊಸದು ಇಟ್ಟೆ. ಗೆರೆ.
ಬಿದಿರ ಕಡ್ಡಿಯಿಂದ ಬೋರ್ಡಿನ ಮೈಯೆಲ್ಲ ಮೆಲ್ಲನೆ ತಟ್ಟುತ್ತ ಬಂದೆ,
ಎಲ್ಲಿ ನೋವೆಂದು ಮಗುವನ್ನು ಕೇಳುವ ಹಾಗೆ.
ಒಂದು ಕಡೆ ಮುಟ್ಟಿದರೆ ಗೆರೆ ಬೆಚ್ಚಿತು.
ಕನ್ನಡಕ ಏರಿಸಿ ನೋಡಿದೆ:
ಮಂಕಾದ ಒಂದು ಸೀಸದ ಹನಿ,
ಅದರ ಸುತ್ತ ಕೂದಲೆಳೆಯ ಬಿರುಕು,
ಬಿರುಕಿನ ಸುತ್ತ
ಪೆನ್ಸಿಲಿನಲ್ಲಿ ಒಂದು ಸೊನ್ನೆ.

ಅದೇ ಪೆನ್ಸಿಲು. ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದದ್ದು.
ಹೇಳಲೇ ಇಲ್ಲ ನನಗೆ,
ಅಂಗಡಿ ನನ್ನ ಹೆಸರಿಗೆ ಬರೆದ ದಿನವೂ.

ಕಬ್ಬಿಣ ಪೂರ್ತಿ ಕಾಯಲು ಬಿಟ್ಟೆ.
ಹೊಗೆ ಎದ್ದಿತು, ಹನಿ ಕರಗಿ ಕಣ್ಣು ಬಿಟ್ಟು ಹೊಳೆಯಿತು.
ಸೊನ್ನೆಯನ್ನು ಒರೆಸಲಿಲ್ಲ.
ಸ್ವಿಚ್ಚು. ಗೆರೆ ಮೇಲೊಂದು ತುಟಿ, ಕೆಳಗೊಂದು ತುಟಿಯಾಗಿ
ಮೂಲೆಯಿಂದ ಮೂಲೆಗೆ ತೆರೆಯಿತು.
ಒಳಗೆ ಹುರಿದ ಎಳ್ಳು ಸಿಡಿಯುವ ಸದ್ದು, ಕಪ್ಪು ಬಿಳಿ,
ಯಾವ ಊರಿನದೂ ಅಲ್ಲದ ಮಳೆ.

"ಏನಾಗಿತ್ತು?" ಅಂದ ಉತ್ತಯ್ಯ ಫೋನಿನಿಂದ ತಲೆಯೆತ್ತದೆ.
"ಒಂದು ಬೆಸುಗೆ. ತಪ್ಪಾಗಿ ಹಾಕಿದ್ದು ನಾನು."
"ಹೌದಾ? ಎಷ್ಟಾಯ್ತು ಅಣ್ಣ, ಒಟ್ಟು?"

ಇಸ್ಪೀಟು ಮೇಜಿನಿಂದ ಸುಬ್ಬಯ್ಯಜ್ಜ
ಎಲೆಗಳ ಮೇಲಿನ ಕಣ್ಣು ಕೀಳದೆ ಕೇಳಿದರು:
"ಈಗ ಕಾಣ್ತದಾ?"
ಸಿಡಿಯುತ್ತಲೇ ಇತ್ತು ಎಳ್ಳು.
"ಕಾಣ್ತದೆ," ಅಂದೆ.