ಗ್ಯಾರಂಟಿ

ಇಕೆಜಾದ ಒಟಿಗ್ಬಾ ಬೀದಿಯಲ್ಲಿ
ಸನುಸಿ ಪೆಟ್ಟಿಗೆ ಬಿಚ್ಚಿ ಹೊಗಳುತ್ತಾನೆ:
ಕೆಂಪು ದೀಪ, ಡ್ರ್ಯಾಗನ್ ಚಿತ್ರ, ಮಿಂಚಿನ ವೇಗ.
ಹೆತ್ತವರಿಗೆ ಹೆಗ್ಗಣ ಮುದ್ದು.
ನಾನು ಕನ್ನಡಕ ಹಣೆಗೇರಿಸಿ
ಮದರ್‌ಬೋರ್ಡನ್ನು ಮೂಗಿನ ಹತ್ತಿರ ಹಿಡಿಯುತ್ತೇನೆ,
ಕೆಪಾಸಿಟರುಗಳ ಮೇಲೆ ಬೆರಳಾಡಿಸುತ್ತೇನೆ,
ಎಳೆಗೂಸಿನ ನೆತ್ತಿ ಮುಟ್ಟಿದ ಹಾಗೆ.
ಉಬ್ಬಿಲ್ಲ.
ಆದರೆ ಕೈಗೆ ತೂಕವೂ ಇಲ್ಲ.

ನನಗಾದರೆ ಇದೇ ಸಾಕಿತ್ತು.
ನನ್ನದು ಸತ್ತರೆ ಬೈದುಕೊಂಡು ಬಿಚ್ಚುತ್ತೇನೆ, ಮುಗಿಯಿತು.
ಇದು ಎಬಿಯೆರೆಯ ಹೆರಿಗೆ ಮನೆಗೆ.
ಅಲ್ಲಿ ಕರೆಂಟು ದಿನಕ್ಕೆ ಏಳು ಸಲ ಹೋಗುತ್ತದೆ,
ಬರುವಾಗ ಬಾಗಿಲು ಒದ್ದು ಬಂದ ಹಾಗೆ ಬರುತ್ತದೆ.
ಯಾರ ರಕ್ತ ಯಾವ ಗುಂಪು,
ಯಾರಿಗೆ ಎಷ್ಟನೆಯ ತಿಂಗಳು,
ಎಲ್ಲ ಆ ಡಬ್ಬಿಯೊಳಗೆ.

ಹೋದ ವರ್ಷ ಒಬ್ಬ ದರ್ಜಿಗೆ ಅಗ್ಗದ್ದು ಹಾಕಿಕೊಟ್ಟೆ.
ಹತ್ತೊಂಬತ್ತು ಸಾವಿರ ನೈರಾ ಉಳಿಯಿತು, ನನಗೆ.
ಅವನು ಬೈಯಲಿಲ್ಲ.
ಸುಟ್ಟ ಬೋರ್ಡನ್ನು ಹೊಸ ಅಂಕಾರಾ ಬಟ್ಟೆಯ ತುಂಡಿನಲ್ಲಿ ಸುತ್ತಿ
ಮೇಜಿನ ಮೇಲಿಟ್ಟು ಹೋದ.
ಈಗಲೂ ಆ ಬಟ್ಟೆಯಲ್ಲೇ ಕನ್ನಡಕ ಒರೆಸುತ್ತೇನೆ.

"ಮೇಲಿನ ಅಟ್ಟದ್ದು ಕೊಡು" ಎಂದೆ.
ದೀಪವಿಲ್ಲದ್ದು, ಬರೀ ರಟ್ಟಿನ ಡಬ್ಬಿಯದ್ದು,
ಮೂರು ವರ್ಷದಿಂದ ಯಾರೂ
ವಾಪಸು ತಂದು ಜಗಳವಾಡದ್ದು.
ಸನುಸಿ ಧೂಳು ಊದಿದ.
"ಇದರಲ್ಲಿ ನಿನಗೇನೂ ಗಿಟ್ಟುವುದಿಲ್ಲ, ಅಕ್ಕಾ."

ಒಂಬತ್ತು ಸ್ಕ್ರೂ. ಒಂದೊಂದನ್ನೂ
ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿದೆ.

ಆರು ತಿಂಗಳಾಯಿತು,
ಎಬಿಯೆರೆಯಿಂದ ಒಂದು ಫೋನೂ ಇಲ್ಲ.
ನನ್ನ ಹೆಸರೇ ಮರೆತಿರಬೇಕು.
ಮರೆಯಲಿ.