ಚೀಟಿಯ ಹಿಂಬದಿ

ಮುಂಬದಿಯಲ್ಲಿ ಏಳನೇ ಟೇಬಲ್ಲು:
ಸೆಟ್ ದೋಸೆ ಒಂದು, ಟೊಮೆಟೊ ಸೂಪು ಒಂದು, ಬೈ ಟೂ.
ಹಿಂಬದಿಯಲ್ಲಿ ನಾನು:
ಬಾಡಿಗೆ ಮೂರೂವರೆ ಸಾವಿರ,
ಸಂಘದ ಕಂತು ಮಂಗಳವಾರಕ್ಕೆ ಆರುನೂರು,
ಮಗನ ಕಂಪಾಸು ಬಾಕ್ಸು, ಅದರ ಮುಂದೊಂದು ಪ್ರಶ್ನೆ ಚಿಹ್ನೆ.
ಮೂರು ವಾರದಿಂದ ಅದೇ ಚಿಹ್ನೆ, ಚೀಟಿ ಮಾತ್ರ ಬೇರೆ.

ಗಲ್ಲಾದ ವಾಸಣ್ಣ ಕೇಳುತ್ತಾರೆ,
‘ಹಳೇ ಚೀಟಿ ಯಾಕವ್ವಾ ಕೂಡಿಡ್ತೀಯ, ಇಲಿ ಥರ?’
‘ಮಗ ಲೆಕ್ಕ ಮಾಡ್ತಾನೆ’ ಅಂತೀನಿ.
ಲೆಕ್ಕ ಹೌದು, ಮಗ ಅಲ್ಲ.

ಮೊದಲೆಲ್ಲ ಬಿಲ್ಲಿನ ತಟ್ಟೆಯಲ್ಲಿ
ಸೊಂಪಿನ ನಡುವೆ ಹತ್ತೋ ಇಪ್ಪತ್ತೋ ಮಲಗಿರುತ್ತಿತ್ತು.
ಈಗ ಗೋಡೆಯ ಚೌಕಕ್ಕೆ ಫೋನು ತೋರಿಸುತ್ತಾರೆ,
ಡಬ್ಬಿ ಕೂಗಿ ಹೇಳುತ್ತದೆ, ಪೈಸೆ ಸಮೇತ,
ಯಜಮಾನರಿಗೆ ಎಷ್ಟು ಬಂತೆಂದು.
ತಟ್ಟೆಯಲ್ಲಿ ಬರೀ ಸೊಂಪು.
ಅದನ್ನೂ ತುಂಬಿಟ್ಟವಳು ನಾನೇ.

ಒಂಬತ್ತೂ ನಲವತ್ತಕ್ಕೆ ಕೊನೆಯ ಕೆಸರೆ ಬಸ್ಸು,
ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೇಟು.
ಆ ಸೊನ್ನೆಯ ಮೇಲೆ ನನ್ನ ಇಡೀ ತಿಂಗಳು ಕೂತಿದೆ,
ಸಿಂಬಿಯ ಮೇಲೆ ತುಂಬಿದ ಕೊಡ ಕೂತ ಹಾಗೆ.
ತಪ್ಪಿದರೆ ಆಟೋ, ಎಂಬತ್ತು.
ಅದಕ್ಕೇ, ಕಾಫಿ ಮುಗಿದರೂ ಏಳದವರನ್ನು ಕಂಡರೆ
ನನಗೆ ಒಳಗೊಳಗೇ ಉರಿ.
ಸೈಟು ಮಾರುವವರು, ಪ್ರೀತಿ ಮಾಡುವವರು,
ಎಲ್ಲರೂ ನನ್ನ ಎಂಬತ್ತು ರೂಪಾಯಿಯ ಮೇಲೆ
ಕಾಲು ಚಾಚಿ ಕೂತಿರುತ್ತಾರೆ.

ಇವತ್ತು ಒಂಬತ್ತೂಕಾಲಿಗೆ ಒಬ್ಬ ಬಂದ, ಮಗಳ ಜೊತೆ.
ಕೂದಲಲ್ಲಿ, ಅಂಗಿಯ ತೋಳಲ್ಲಿ ಹಸಿರು ಪೇಂಟು,
ಯಾರದೋ ಮನೆಯ ಹಸಿರು.
ಮೆನುವಿನ ಎಡಗಡೆ ನೋಡಲೇ ಇಲ್ಲ.
ಬೆರಳು ಬಲಗಡೆಯ ಅಂಕಿಗಳ ಮೇಲೆ
ಏಣಿ ಇಳಿಯುವವನಂತೆ ಒಂದೊಂದೇ ಮೆಟ್ಟಿಲು ಇಳಿಯಿತು.
ಗೊತ್ತು ನನಗೆ ಆ ಓದು.
ಹಬ್ಬದ ಸೀರೆಯನ್ನೂ ನಾನು
ಸೆರಗಿನಿಂದಲ್ಲ, ಬೆಲೆಯಿಂದ ನೋಡುತ್ತೀನಿ.

‘ನಂಗೆ ಹಸಿವಿಲ್ಲ ಅಪ್ಪ, ಸೂಪು ಸಾಕು.’
ಹಸಿವಿಲ್ಲದ ಮಕ್ಕಳು
ಪಕ್ಕದ ಟೇಬಲ್ಲಿನ ಪೂರಿ ಊದುವುದನ್ನು ನೋಡುವುದಿಲ್ಲ.

‘ಸೂಪು ಬೈ ಟೂ ಮಾಡಿಸ್ತೀನಿ’ ಅಂದೆ,
‘ಸೆಟ್ ದೋಸೇಲಿ ಮೂರಿರ್ತವೆ.’
ಬಂದ ಎರಡು ಕಪ್ಪೂ ಅಂಚಿನವರೆಗೆ ತುಂಬಿದ್ದವು.
ಅದು ಒಳಗಿನ ಚೆಲುವಯ್ಯನ ಕೈ, ನಾನೇನೂ ಹೇಳಿರಲಿಲ್ಲ.
ಹೇಳಿದ್ದೆ, ಕಣ್ಣಲ್ಲಿ.

ನಿಧಾನ ತಿಂದರು.
ಹುಡುಗಿ ಚಟ್ನಿ ಬಟ್ಟಲನ್ನು ಬೆರಳಿಂದ ಸುತ್ತ ಒರೆಸಿದಳು.
ಅವನು ಮಡಚಿದ ನೋಟು ಬಿಡಿಸಿ, ಎರಡು ಸಲ ಎಣಿಸಿ,
‘ನೀರಿಗೆಷ್ಟು, ಮೇಡಂ?’ ಅಂದ.
‘ನೀರಿಗೆ ದುಡ್ಡಿಲ್ಲ’ ಅಂದೆ.
ಮೇಡಂ ಅಂದದ್ದು ಯಾರಿಗೆಂದು
ಆಮೇಲೆ ಹೊಳೆಯಿತು.

ಒಂಬತ್ತೂ ಐವತ್ತು.
ಚರ್ಚಿನವರೆಗೆ ನಡೆದರೆ ಷೇರ್ ಆಟೋ ಇಪ್ಪತ್ತೈದು.
ಉಳಿತಾಯ ಐವತ್ತೈದು.
ಮೀನಖಂಡದ ನೋವಿಗೆ
ನನ್ನ ಲೆಕ್ಕದಲ್ಲಿ ಸಾಲು ಎಳೆದಿಲ್ಲ.
ಅಶೋಕ ರಸ್ತೆ, ಎಳೆದ ಶಟರುಗಳು,
ಬಾಯಲ್ಲಿ ಒಂದು ಚಿಟಿಕೆ ಸೊಂಪು.
ಅದರ ರುಚಿ ಹೋಗುವಷ್ಟರಲ್ಲಿ ಅರ್ಧ ದಾರಿ.

ದೀಪದ ಕಂಬದ ಕೆಳಗೆ ಚೀಟಿ ಬಿಡಿಸಿ
ಆಟೋ, ೨೫ ಎಂದು ಬರೆದೆ.
ಮುಂಬದಿಗೆ ಚೆಲ್ಲಿದ್ದ ಸೂಪು
ಹಿಂಬದಿಗೆ ಇಳಿದು
ಕಂಪಾಸು ಬಾಕ್ಸಿನ ಮೇಲೆ ಕೆಂಪಗೆ ಕೂತಿದೆ.
ನಾಳೆ ಹೊಸ ಚೀಟಿಗೆ ಎತ್ತಿ ಬರೆಯಬೇಕು,
ಪ್ರಶ್ನೆ ಚಿಹ್ನೆ ಸಮೇತ.