ಹೆಗಲಿನ ಪ್ರಕಾರ

ಮಂಡ್ಯದ ಬೆಲ್ಲದ ಮಂಡಿಯ ಲೆಕ್ಕವನ್ನೆಲ್ಲ
ಕಂಪ್ಯೂಟರಿಗೆ ತುಂಬಿ ಬೀಗ ಹಾಕಿದವನು ನಾನು.
ಲಾಟು, ದಿನಾಂಕ, ತಂದವರು, ಕೊಂಡವರು,
ಅಚ್ಚೋ ಬಕೆಟ್ಟೋ ಕುರಿಕಾಲೋ, ತೂಕ, ದರ.
ಯಾವ ಕೋಷ್ಟಕದ ಬೇರು ಯಾವುದರೊಳಗೆ ಇಳಿದಿದೆ
ನನಗೆ ಗೊತ್ತು; ನಾನು ಮರೆತ ದಿನ
ಮೇಜಿನ ಗಾಜಿನಡಿಯ ಒಂದು ಚೀಟಿಗೆ ಗೊತ್ತು.

ಹನ್ನೊಂದು ವರದಿ ಮಾಡಿಕೊಟ್ಟಿದ್ದೆ.
ಹನ್ನೊಂದು ಸಾಕೆಂದು ಕಾರ್ಯದರ್ಶಿಯೂ ಒಪ್ಪಿದ್ದರು.
ಆಮೇಲೆ ಶುರುವಾಯಿತು ಬಾಗಿಲು ಬಡಿತ:
ಇದನ್ನೇ ವಾರದ ಲೆಕ್ಕದಲ್ಲಿ ಕೊಡಿ,
ಇದನ್ನೇ ಮದ್ದೂರಿನವರದ್ದು ಮಾತ್ರ ಕೊಡಿ,
ಇದನ್ನೇ, ಸಾರ್, ದರ ಬಿಟ್ಟು ಕೊಡಿ.
ಒಬ್ಬ ದಲ್ಲಾಳಿಗಂತೂ ತನ್ನ ಹೆಸರು ದಪ್ಪಕ್ಷರದಲ್ಲಿ ಬೇಕಿತ್ತು.

ಬೀಗದ ಕೈ ಕೊಟ್ಟುಬಿಡಿ, ಅವರೇ ಮಾಡಿಕೊಳ್ಳಲಿ
ಎಂದರು ಮೇಲಿನವರು. ಕೊಡಲಿಲ್ಲ.
ಹಿಂದೊಮ್ಮೆ ಕೊಟ್ಟಿದ್ದೆ. ಗುಮಾಸ್ತ ಪುಟ್ಟಮಾದ
ಒಂದು ಕಾಲಂ ಅಗಲ ಮಾಡಲು ಹೋಗಿ
ಇಡೀ ಆಷಾಢವನ್ನು ಅಳಿಸಿಹಾಕಿದ್ದ.
ಆ ತಿಂಗಳು ಮಂಡಿಗೆ, ಕಾಗದದ ಮೇಲೆ,
ಇಂದಿಗೂ ಬೆಲ್ಲ ಬಂದಿಲ್ಲ.

ನನ್ನ ಸೋದರಮಾವ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದ.
ಕೊಪ್ಪರಿಗೆಯ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ,
ಹೆತ್ತ ಮಗನನ್ನೂ. ಪಾಕ ಇಳಿದ ಮೇಲೆ ಮಾತ್ರ
ಸುತ್ತ ನಿಂತವರಿಗೆಲ್ಲ ಒಂದೇ ಮಾತು:
ನಿಮ್ ನಿಮ್ಮಚ್ಚು, ಹುಯ್ಕಳಿ.
ನಾವು ಹುಡುಗರು ತೆಂಗಿನ ಚಿಪ್ಪಲ್ಲಿ, ಸೊಟ್ಟ ಲೋಟದಲ್ಲಿ,
ಒಮ್ಮೆ ತಂಗಿಯ ಬಳೆಯೊಳಗೂ ಹುಯ್ದುಕೊಂಡಿದ್ದೆವು.

ಅದನ್ನೇ ಮಾಡಿದೆ. ಒಂದು ಪುಟ.
ಎಡಕ್ಕೆ ಕಾಲಂಗಳ ಹೆಸರು, ಪಕ್ಕಕ್ಕೆ ಗುರುತಿನ ಚೌಕ,
ಕೆಳಗೊಂದು ಪ್ರಶ್ನೆ: ಯಾವುದರ ಪ್ರಕಾರ?
ಆರಿಸಬಹುದು, ಕೂಡಿಸಬಹುದು, ಮೇಲೆ ಕೆಳಗೆ ಮಾಡಬಹುದು.
ತಳಕ್ಕೆ ಕೈ ಎಟುಕುವುದಿಲ್ಲ.
ಎರಡು ದಿನ ನನ್ನನ್ನು ನಾನೇ ಮೆಚ್ಚಿಕೊಂಡೆ.

ಮೂರನೆಯ ದಿನ, ಊಟದ ಹೊತ್ತಿಗೆ,
ತೂಕದ ಚೀಟಿ ಬರೆಯುವ ಕೆಂಪಾಜಮ್ಮ ಬಂದಳು.
ಕನ್ನಡಕವನ್ನು ಮೂಗಿನ ತುದಿಗೆ ಮಡಗಿ
ಒಂದೇ ಬೆರಳಲ್ಲಿ ದರ ಬಿಟ್ಟಳು, ದಲ್ಲಾಳಿ ಬಿಟ್ಟಳು,
ಅಚ್ಚು ಬಕೆಟ್ಟು ಎಲ್ಲ ಬಿಟ್ಟಳು.
ಪಟ್ಟಿಯ ತಳದಲ್ಲಿ, ಕೂಲಿ ಬಟವಾಡೆಗೆಂದು
ನಾನೇ ಸೇರಿಸಿ ಮರೆತಿದ್ದ ಒಂದಕ್ಕೆ ಗುರುತು ಹಾಕಿದಳು:
ಇಳಿಸಿದವರು.
ಯಾವುದರ ಪ್ರಕಾರ? ಇಳಿಸಿದವರ ಪ್ರಕಾರ.
ಏನು ಕೂಡಿಸಬೇಕು? ತೂಕ.

ಪ್ರಿಂಟರು ಕೆಮ್ಮಿ ಒಂದು ಹಾಳೆ ಹೊರಹಾಕಿತು.
ಬೋರಲಿಂಗ, ಈ ವರ್ಷ, ಆರುನೂರ ಹನ್ನೆರಡು ಟನ್ನು.
ಇಮ್ತಿಯಾಜ್, ಐನೂರ ತೊಂಬತ್ತು.
ಚನ್ನಿಗ, ಮುನ್ನೂರ ನಾಲ್ಕು.
ಶ್ರಾವಣದಲ್ಲಿ ಇವನ್ ಬೆನ್ನು ಹೋಯ್ತಲ್ಲ, ಅದ್ಕೆ, ಅಂದಳು.

ನನ್ನ ಹನ್ನೊಂದು ವರದಿಯಲ್ಲೂ ಬೆಲ್ಲ
ಲಾರಿಯಿಂದ ತಾನೇ ಇಳಿದು
ಅಂಗಡಿಗೆ ನಡೆದು ಬಂದಿತ್ತು.

ಹಾಳೆಯನ್ನು ಹಮಾಲರ ಕಟ್ಟೆಗೆ ಒಯ್ದು ಓದಿ ಹೇಳಿದಳು.
ಬೋರಲಿಂಗ ಮೊದಲು ನಕ್ಕ: ಸುಳ್ಳು ಕನಕ್ಕ, ಅಷ್ಟೆಲ್ಲ ನಾನಲ್ಲ.
ಆಮೇಲೆ ತನ್ನ ಎಡ ಹೆಗಲನ್ನು
ಬೇರೆ ಯಾರದ್ದೋ ಎಂಬಂತೆ
ಮುಟ್ಟಿ ನೋಡಿಕೊಂಡ.

ಸಂಜೆ ಮತ್ತೆ ಬಂದಳು.
ಸಾರ್, ಲಾರಿಯಿಂದ ಅಂಗಡಿಗೆ ಎಷ್ಟು ದೂರ ಅಂತ ಎಲ್ಲೈತೆ?
ಆ ಕಾಲಂ ಇಲ್ಲ, ಅಂದೆ.
ಮಡಗಿಕೊಡಿ ಮತ್ತೆ. ತೂಕ ಒಂದೇನಾ ಹೊರೋದು?

ಬೀಗದ ಕೈ ಈಗಲೂ ನನ್ನ ಹತ್ತಿರವೇ ಇದೆ. ಯಾರಿಗೂ ಕೊಡುವುದಿಲ್ಲ.
ಅಂದು ರಾತ್ರಿ ಒಬ್ಬನೇ ಕೂತು ತೆಗೆದೆ.
ಹೊಸ ಕಾಲಂ: ಹೆಜ್ಜೆ.
ಇಲ್ಲಿಯವರೆಗಿನ ಸಾಲುಗಳಲ್ಲೆಲ್ಲ ಅದು ಖಾಲಿ.
ಖಾಲಿ ಅಂದರೆ ಸೊನ್ನೆಯಲ್ಲ ಎಂದು
ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ
ಮೊದಲ ದಿನವೇ ನಾನು ಹೇಳಿಕೊಡುತ್ತೇನೆ.